ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಒಂದು ಕಚೇರಿಯ ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದು ಇದೆ ಎಂದುಕೊಳ್ಳಿ. ಹಲವು ವರ್ಷ ನೆಚ್ಚಿಕೆಯಿಂದ ದುಡಿದ ಯಂತ್ರವದು. ಒಂದು ದಿನ ಕೆಲಸದ ನಡುವೆ ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ಬರೆದದ್ದು ಅಳಿಸಿಹೋಗುತ್ತದೆ. ಆ ಗಳಿಗೆಯಲ್ಲಿ ನಿಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದು? ‘ಏನಾಯಿತು?’ ಎಂಬುದೇ, ಅಥವಾ ‘ಯಾರು ಮುಟ್ಟಿದರು?’ ಎಂಬುದೇ?

ಮೊದಲನೆಯದು ಕಾರಣವನ್ನು ಹುಡುಕುವ ಪ್ರಶ್ನೆ. ಎರಡನೆಯದು ಆರೋಪಿಯನ್ನು ಹುಡುಕುವ ಪ್ರಶ್ನೆ. ಎರಡಕ್ಕೂ ಇರುವ ಅಂತರ ಬಹಳ ಸಣ್ಣದೆಂದು ತೋರುತ್ತದೆ. ಆದರೆ ಕೆಲವು ವರ್ಷಗಳ ಹಿಂದೆ ನಾನು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಕೇಳಿದ್ದರಿಂದ ಒಬ್ಬ ಯುವಕನಿಗೆ ಅನ್ಯಾಯವಾಯಿತು. ಅದನ್ನು ಇಲ್ಲಿ ನಿಮ್ಮ ಮುಂದಿಡುತ್ತಿರುವುದು ಕಥೆ ಹೇಳಲೆಂದಲ್ಲ. ದೋಷವೊಂದು ಕಂಡಾಗ ಅದನ್ನು ಯಾರ ತಲೆಗೆ ಕಟ್ಟಬೇಕು, ಎಷ್ಟು ತಿಳಿದ ಮೇಲೆ ಕಟ್ಟಬೇಕು ಎಂಬ ಪ್ರಶ್ನೆಯನ್ನು ನಿಮ್ಮೊಡನೆ ಕೂತು ಚಿಂತಿಸಬೇಕೆಂಬುದೇ ನನ್ನ ಉದ್ದೇಶ.

ಕಾಣುವುದು ಒಂದು ಕಡೆ, ಇರುವುದು ಒಂದು ಕಡೆ

ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡುವವರೆಲ್ಲರೂ ಬಲ್ಲ ಸಂಗತಿಯೊಂದಿದೆ: ದೋಷ ಕಾಣಿಸಿಕೊಳ್ಳುವ ಜಾಗ ಬೇರೆ, ದೋಷ ಇರುವ ಜಾಗ ಬೇರೆ.

ಗುಂಡಿ ಒತ್ತಿದಾಗ ಫ್ಯಾನು ತಿರುಗುತ್ತದೆ, ಆದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ‘ಮಾನಿಟರ್ ಕೆಟ್ಟಿತು’ ಎನ್ನುತ್ತೇವೆ. ಬಹಳ ಸಲ ಮಾನಿಟರಿಗೆ ಏನೂ ಆಗಿರುವುದಿಲ್ಲ. ಪೆಟ್ಟಿಗೆಯೊಳಗೆ ನಿಂತಿರುವ ರ‍್ಯಾಮ್ ಎಂಬ ಪಟ್ಟಿಯ ಹೊಳೆಯುವ ಅಂಚಿಗೆ ಕೊಳೆ ಹಿಡಿದು ಸಂಪರ್ಕ ತಪ್ಪಿರುತ್ತದೆ. ಅದನ್ನು ಹೊರತೆಗೆದು, ಶಾಲೆಯ ಮಕ್ಕಳು ಬಳಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಮತ್ತೆ ಸರಿಯಾಗಿ ಕೂರಿಸಿದರೆ ಪರದೆ ಬೆಳಗುತ್ತದೆ.

ಇನ್ನೊಂದು ಉದಾಹರಣೆ ನೋಡಿ. ಇಂಟರ್ನೆಟ್ಟಿನಲ್ಲಿ ಬ್ಯಾಂಕಿನ ಪುಟ ತೆರೆಯುವುದಿಲ್ಲ. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ. ಇಂಟರ್ನೆಟ್ ಕೊಟ್ಟವರನ್ನು ಬೈಯುತ್ತೇವೆ, ಇಲ್ಲವೇ ಬ್ಯಾಂಕಿನವರನ್ನು ಬೈಯುತ್ತೇವೆ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಕಾರಣ ಹಲವೊಮ್ಮೆ ಮದರ್‌ಬೋರ್ಡಿನ ಮೇಲೆ ನಾಣ್ಯದಂತೆ ಕೂತಿರುವ, ಸಿಆರ್ 2032 ಎಂಬ 3 ವೋಲ್ಟಿನ ಪುಟ್ಟ ಬ್ಯಾಟರಿ. ಯಂತ್ರ ಆರಿರುವಾಗಲೂ ಒಳಗಿನ ಗಡಿಯಾರವನ್ನು ನಡೆಸುವುದು ಅದೇ. ಅದು ಬರಿದಾದರೆ ಕಂಪ್ಯೂಟರ್ ಪ್ರತಿ ಸಲವೂ ಹಲವು ವರ್ಷ ಹಿಂದಿನ ದಿನಾಂಕದಲ್ಲಿ ಎಚ್ಚರಗೊಳ್ಳುತ್ತದೆ. ಆ ದಿನಾಂಕಕ್ಕೆ ಇಂದಿನ ಪುಟಗಳ ಭದ್ರತಾ ಪ್ರಮಾಣಪತ್ರಗಳ ಅವಧಿ ಇನ್ನೂ ಆರಂಭವೇ ಆಗಿರುವುದಿಲ್ಲ. ಆದ್ದರಿಂದ ಕಂಪ್ಯೂಟರ್ ಅವುಗಳನ್ನು ನಂಬುವುದಿಲ್ಲ. ಕೆಲವೇ ರೂಪಾಯಿಗಳ ಬ್ಯಾಟರಿಯ ತಪ್ಪಿಗೆ ದೂರದ ಬ್ಯಾಂಕು ಬೈಗುಳ ತಿನ್ನುತ್ತದೆ.

ಯಂತ್ರ ನಿಧಾನವಾದರೆ ವೈರಸ್ ಎನ್ನುತ್ತೇವೆ. ಕಾರಣ ಬರೀ ಧೂಳಾಗಿರಬಹುದು. ಪ್ರೊಸೆಸರಿನ ಮೇಲಿರುವ ಲೋಹದ ರೆಕ್ಕೆಗಳಿಗೂ ಫ್ಯಾನಿಗೂ ಧೂಳು ಮೆತ್ತಿಕೊಂಡಾಗ ಶಾಖ ಹೊರಹೋಗುವುದಿಲ್ಲ. ಪ್ರೊಸೆಸರ್ ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂದು ನಮ್ಮ ಹಿರಿಯರು ಹೇಳಿದರು. ದನಕರುಗಳ ಕಾಯಿಲೆಗೆ ಕಾದ ಕಬ್ಬಿಣದಿಂದ ಬರೆ ಹಾಕುವ ರೂಢಿ ಹಳ್ಳಿಗಳಲ್ಲಿತ್ತು. ಗಾದೆಯನ್ನು ಕೇಳಿ ನಾವು ನಗುತ್ತೇವೆ. ಆದರೆ ಅದರಲ್ಲಿರುವ ನಷ್ಟ ಒಂದಲ್ಲ, ಎರಡು. ಎಮ್ಮೆಯ ಚರ್ಮ ಸುಟ್ಟಿತು. ಎತ್ತಿನ ಜ್ವರವೂ ಇಳಿಯಲಿಲ್ಲ. ತಪ್ಪು ಜಾಗದಲ್ಲಿ ದೋಷ ಹೊರಿಸಿದಾಗ ನಿರಪರಾಧಿಗೆ ನೋವಾಗುವುದಲ್ಲದೆ, ನಿಜವಾದ ದೋಷಕ್ಕೆ ಇನ್ನಷ್ಟು ದಿನ ಬೆಳೆಯಲು ಅವಕಾಶವೂ ಸಿಗುತ್ತದೆ.

ಸಂಜೆ ಆರುತ್ತಿದ್ದ ಯಂತ್ರ

ನಾನಿದ್ದ ಊರಿನ ಕಚೇರಿಯಲ್ಲಿ 2011ರಲ್ಲಿ ಕೊಂಡ ಕಂಪ್ಯೂಟರೊಂದಿತ್ತು. ಬೆಳಗಿನ ಹೊತ್ತು ನಾನು ಅದರಲ್ಲಿ ಪತ್ರಗಳನ್ನು ಟೈಪ್ ಮಾಡುತ್ತಿದ್ದೆ. ಸಂಜೆ, ಪದವಿ ತರಗತಿ ಮುಗಿಸಿಕೊಂಡು ಬರುತ್ತಿದ್ದ ಯುವಕನೊಬ್ಬ ಹಳೆಯ ದಾಖಲೆ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಮಸುಕಾದ ಅಕ್ಷರಗಳು ಎದ್ದು ಕಾಣುವಂತೆ ತಿದ್ದಿ, ಒಂದೊಂದಾಗಿ ಉಳಿಸುತ್ತಿದ್ದ. ಹುಳು ತಿನ್ನತೊಡಗಿದ್ದ ಪುಸ್ತಕಗಳವು. ನಾವು ಅವನಿಗೆ ತಿಂಗಳಿಗೆ ಕೊಡುತ್ತಿದ್ದದ್ದು ಅಲ್ಪ ಮೊತ್ತ. ಅವನ ಮನೆಗೆ ಆ ಅಲ್ಪವೂ ಬೇಕಾಗಿತ್ತು.

ಒಂದು ಮಳೆಗಾಲದಲ್ಲಿ ಯಂತ್ರ ಸಂಜೆಯ ಹೊತ್ತು ತಟಕ್ಕನೆ ಆರತೊಡಗಿತು. ಅವನು ಎರಡು ಸಲ ಬಂದು, “ಫಾದರ್, ಇದು ಯಾಕೋ ಸರಿ ಇಲ್ಲ, ಯಾರಿಗಾದ್ರೂ ತೋರಿಸ್ಬೇಕು” ಎಂದ. ನಾನು “ನೋಡೋಣ” ಎಂದು ಸುಮ್ಮನಾದೆ. ಮೂರನೆಯ ವಾರ, ನಾನು ಕಷ್ಟಪಟ್ಟು ಸಿದ್ಧಪಡಿಸಿದ್ದ ವರ್ಷದ ಲೆಕ್ಕದ ಕಡತ ತೆರೆಯದಂತಾಯಿತು. ಸಿಟ್ಟು ನೆತ್ತಿಗೇರಿತು. ಬೆಳಿಗ್ಗೆ ನಾನು ಕೂತಾಗ ಒಂದು ದಿನವೂ ಆರದ ಯಂತ್ರ ಸಂಜೆ ಅವನು ಕೂತಾಗಲೇ ಆರುತ್ತದೆ. ಅವನ ಜೇಬಿನಲ್ಲಿ ಸದಾ ಒಂದು ಪೆನ್ ಡ್ರೈವ್ ಇರುತ್ತದೆ. ಇದಕ್ಕಿಂತ ಬೇರೆ ಸಾಕ್ಷಿ ಏಕೆ ಬೇಕು? ಕಚೇರಿಗೆ ಬಂದಿದ್ದ ನಾಲ್ಕು ಮಂದಿಯ ಎದುರಿಗೇ, “ಸಿನಿಮಾ ತುಂಬಿಸ್ಕೊಂಡು ಬಂದು ವೈರಸ್ ಹತ್ತಿಸಿದ್ದೀಯ. ನಾಳೆಯಿಂದ ಇದನ್ನ ಮುಟ್ಟಬೇಡ” ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ. ನಾನು ಕೈ ಅಡ್ಡ ಮಾಡಿದೆ. ಮರುದಿನದಿಂದ ಅವನು ಬರಲಿಲ್ಲ.

ಆಮೇಲೆ ಒಂದು ವಾರ ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ. ನನ್ನ ತೀರ್ಪು ಸರಿಯಾಗಿತ್ತೆಂದು ಸಮಾಧಾನಪಟ್ಟೆ. ಓದುಗರೇ, ಈ ಸಮಾಧಾನವನ್ನು ದಯವಿಟ್ಟು ಗಮನಿಸಿ. ತಪ್ಪು ತೀರ್ಪಿಗೂ ಕೆಲವೊಮ್ಮೆ ಇಂತಹ ಸಾಕ್ಷಿ ಒದಗಿಬಿಡುತ್ತದೆ.

ಎರಡನೆಯ ವಾರ, ಉಳಿದಿದ್ದ ಪುಟಗಳನ್ನು ನಾನೇ ಮುಗಿಸೋಣವೆಂದು ಬೆಳಿಗ್ಗೆ ಕೂತೆ. ಹನ್ನೆರಡನೆಯ ಪುಟಕ್ಕೆ ಯಂತ್ರ ಆರಿತು. ಮತ್ತೆ ಚಾಲೂ ಮಾಡಿದೆ. ಒಂಬತ್ತನೆಯ ಪುಟಕ್ಕೆ ಆರಿತು. ಕೋಣೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಯಾವ ಪೆನ್ ಡ್ರೈವೂ ಇರಲಿಲ್ಲ.

ಒಮ್ಮೆಗೆ ಒಂದೇ ಬದಲಾವಣೆ

ಪೇಟೆಯಿಂದ ರಿಪೇರಿಯವರೊಬ್ಬರನ್ನು ಕರೆಸಿದೆ. ಅವರು ಬಂದ ಕೂಡಲೇ ಪೆಟ್ಟಿಗೆ ಬಿಚ್ಚಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಕೇಳಿದರು: “ಯಾವಾಗ ಆಫ್ ಆಗುತ್ತೆ ಫಾದರ್? ಏನು ಕೆಲಸ ನಡೀತಿರುವಾಗ? ಇದಕ್ಕೆ ಮುಂಚೆ ಒಳಗಡೆ ಏನಾದ್ರೂ ಬದಲಾಯಿಸಿದ್ರಾ?” ಆ ಹೊತ್ತಿನಲ್ಲಿ ಯಾರು ಕೂತಿದ್ದರೆಂದು ಅವರು ಕೇಳಲೇ ಇಲ್ಲ.

ಆಮೇಲೆ ಪ್ಲಗ್ ಕಿತ್ತರು. ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಮೈಯಲ್ಲಿ ಸೇರಿರಬಹುದಾದ ಸ್ಥಿರವಿದ್ಯುತ್ತನ್ನು ಇಳಿಸಿಕೊಂಡು, ಪಕ್ಕದ ತಗಡು ತೆಗೆದರು. ಧೂಳು ತೆಗೆದು, ನನ್ನಿಂದ ಅದೇ ಸ್ಕ್ಯಾನ್ ಕೆಲಸ ಮಾಡಿಸಿದರು; ಯಂತ್ರ ಆರಿತು. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದನ್ನು ತೆಗೆದು ಅದೇ ಕೆಲಸ ಮಾಡಿಸಿದರು, ಆರಿತು. ಅದನ್ನು ಹಾಕಿ ಇನ್ನೊಂದನ್ನು ತೆಗೆದರು, ಆಗಲೂ ಆರಿತು. ಹಾರ್ಡ್ ಡಿಸ್ಕಿನ ಆರೋಗ್ಯ ಪರೀಕ್ಷಿಸಿದರು, ಅದು ಚೆನ್ನಾಗಿತ್ತು. ಪ್ರತಿ ಸಲವೂ ಒಂದನ್ನು ಮಾತ್ರ ಬದಲಾಯಿಸಿ, ಉಳಿದದ್ದೆಲ್ಲವನ್ನೂ ಮೊದಲಿನಂತೆಯೇ ಇಟ್ಟರು. ನಡುನಡುವೆ ಒಂದು ಚೀಟಿಯ ಮೇಲೆ ಬರೆದುಕೊಳ್ಳುತ್ತಿದ್ದರು.

ಕೊನೆಗೆ ಎಸ್‌ಎಂಪಿಎಸ್ ಕಡೆ ತಿರುಗಿದರು. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಒಳಗಿನ ಭಾಗಗಳಿಗೆ ಬೇಕಾದ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಹಂಚುವ ಪೆಟ್ಟಿಗೆ ಅದು. 12 ವೋಲ್ಟಿನ ತಂತಿಯಲ್ಲಿ ಶೇಕಡ 5ರಷ್ಟು ಏರಿಳಿತಕ್ಕೆ ಅವಕಾಶವಿದೆ, ಅಂದರೆ 11.4ಕ್ಕಿಂತ ಕೆಳಗೆ, 12.6ಕ್ಕಿಂತ ಮೇಲೆ ಹೋಗಬಾರದು. ಮಲ್ಟಿಮೀಟರ್ ಇಟ್ಟು ನೋಡಿದಾಗ, ಯಂತ್ರ ಹಗುರ ಕೆಲಸ ಮಾಡುತ್ತಿರುವಷ್ಟು ಹೊತ್ತು 12ರ ಆಸುಪಾಸಿನಲ್ಲಿತ್ತು. ಸ್ಕ್ಯಾನ್ ಮಾಡಿದ ಚಿತ್ರವನ್ನು ತಿದ್ದತೊಡಗಿದ ಕೂಡಲೇ 11.4ಕ್ಕಿಂತ ಕೆಳಗೆ ಜಾರಿತು, ಯಂತ್ರ ಆರಿತು. ಅವರು ಚೀಲದಿಂದ, ಸರಿಯಾಗಿದೆಯೆಂದು ಮೊದಲೇ ಗೊತ್ತಿದ್ದ ಇನ್ನೊಂದು ಎಸ್‌ಎಂಪಿಎಸ್ ತೆಗೆದು ಜೋಡಿಸಿದರು. ನಲವತ್ತು ಪುಟ ಸ್ಕ್ಯಾನ್ ಮಾಡಿದೆವು, ಆರಲಿಲ್ಲ. ಇಷ್ಟಕ್ಕೇ ಬಿಡದೆ ಹಳೆಯದನ್ನು ಮತ್ತೆ ಜೋಡಿಸಿದರು, ಆರಿತು. ಆಗಷ್ಟೇ, “ಈಗ ಹೇಳ್ಬಹುದು ಫಾದರ್, ದೋಷ ಇದರದ್ದೇ” ಎಂದರು.

ಆ ಮನುಷ್ಯ ತರ್ಕಶಾಸ್ತ್ರ ಓದಿದವರಲ್ಲ. ಆದರೆ ಬ್ರಿಟಿಷ್ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ ವಿವರಿಸಿದ ‘ವ್ಯತ್ಯಾಸದ ವಿಧಾನ’ವನ್ನೇ ಅವರು ನನ್ನ ಕಣ್ಣೆದುರು ಮಾಡಿ ತೋರಿಸಿದ್ದರು. ಎರಡು ಸಂದರ್ಭಗಳು ಒಂದೇ ಒಂದು ಅಂಶದ ಹೊರತು ಉಳಿದೆಲ್ಲದರಲ್ಲೂ ಸಮನಾಗಿದ್ದು, ಒಂದರಲ್ಲಿ ಘಟನೆ ನಡೆದು ಇನ್ನೊಂದರಲ್ಲಿ ನಡೆಯದಿದ್ದರೆ, ಆ ಒಂದು ಅಂಶದಲ್ಲೇ ಕಾರಣವನ್ನು ಹುಡುಕಬೇಕು ಎಂಬುದು ಅದರ ಸಾರ.

ಗುರುಮಠದಲ್ಲಿ ತರ್ಕಶಾಸ್ತ್ರದ ಪರೀಕ್ಷೆ ಬರೆದು ಪಾಸಾಗಿದ್ದ ನಾನು ಮಾಡಿದ್ದೇನು? ಯಂತ್ರ ಆರಿದಾಗಲೆಲ್ಲ ಆ ಯುವಕನಿದ್ದ. ಆದ್ದರಿಂದ ಅವನೇ ಕಾರಣ ಎಂದೆ. ಕಾಗೆ ಬಂದು ಕೂತ ಗಳಿಗೆಗೆ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತು ಎಂದಂತಾಯಿತು. ಕಾಕತಾಳೀಯ ನ್ಯಾಯವೆಂದು ನಾವು ದಿನಬೆಳಗಾದರೆ ಇನ್ನೊಬ್ಬರಿಗೆ ಹೇಳುವ ಪಾಠವಿದು. ನಿಜವಾಗಿ, ಅವನು ಹೋದಾಗ ಒಂದಲ್ಲ, ಮೂರು ಸಂಗತಿಗಳು ಒಟ್ಟಿಗೆ ಬದಲಾಗಿದ್ದವು. ಕೂರುವ ಮನುಷ್ಯ ಬದಲಾಗಿದ್ದ, ಕೂರುವ ಹೊತ್ತು ಬದಲಾಗಿತ್ತು, ಮಾಡುವ ಕೆಲಸವೂ ಬದಲಾಗಿತ್ತು. ಮೂರರಲ್ಲಿ ಯಾವುದು ಕಾರಣವೆಂದು ತಿಳಿಯಲು ನನಗೆ ದಾರಿಯೇ ಇರಲಿಲ್ಲ. ದಾರಿ ಇಲ್ಲವೆಂಬುದನ್ನು ಒಪ್ಪಿಕೊಳ್ಳುವ ತಾಳ್ಮೆಯೂ ಇರಲಿಲ್ಲ. ಮೂರರಲ್ಲಿ ಬಾಯಿ ಇಲ್ಲದ ಎರಡನ್ನು ಬಿಟ್ಟು, ಎದುರು ಮಾತಾಡಲಾರದ ಒಂದನ್ನು ಆರಿಸಿಕೊಂಡೆ.

ಹೊರೆ ಹೊತ್ತವನ ಕೈಯಲ್ಲಿ

ರಿಪೇರಿಯವರು ಹಳೆಯ ಎಸ್‌ಎಂಪಿಎಸ್ಸಿನ ಗಾಳಿಕಿಂಡಿಗೆ ಟಾರ್ಚ್ ಹಿಡಿದು ತೋರಿಸಿದರು. ಬಿಚ್ಚಲಿಲ್ಲ. ಪ್ಲಗ್ ಕಿತ್ತ ಮೇಲೂ ಅದರೊಳಗೆ 300 ವೋಲ್ಟಿಗಿಂತ ಹೆಚ್ಚಿನ ವಿದ್ಯುತ್ ಸ್ವಲ್ಪ ಹೊತ್ತು ಉಳಿದಿರಬಹುದಾದ್ದರಿಂದ ತಿಳಿಯದವರು ಅದಕ್ಕೆ ಕೈ ಹಾಕಬಾರದೆಂದು ಎಚ್ಚರಿಸಿದರು. ಒಳಗೆ ಸಣ್ಣ ಡಬ್ಬಿಗಳಂತೆ ನಿಂತಿದ್ದ ಕೆಪಾಸಿಟರುಗಳಲ್ಲಿ ಎರಡು ಮೂರರ ತಲೆ ಚಪ್ಪಟೆಯಾಗಿರದೆ ಉಬ್ಬಿದ್ದವು. ಅವುಗಳ ಕೆಲಸ ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವುದು. ಒಳಗಿನ ದ್ರವ ಕೆಟ್ಟು ಉಬ್ಬಿದ ಮೇಲೆ ಆ ಶಕ್ತಿ ಕುಂದುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ತಯಾರಾದ ಲೆಕ್ಕವಿಲ್ಲದಷ್ಟು ಮದರ್‌ಬೋರ್ಡುಗಳು ಇಂತಹ ಕಳಪೆ ಕೆಪಾಸಿಟರುಗಳಿಂದಲೇ ಕೆಟ್ಟವು. ಡೆಲ್ ಕಂಪನಿ 2005ರಲ್ಲಿ ತನ್ನ ಕೆಲವು ಡೆಸ್ಕ್‌ಟಾಪ್‌ಗಳನ್ನು ಸರಿಪಡಿಸಿಕೊಡಲು 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಆ ದಿನಗಳಲ್ಲಿ ಎಷ್ಟು ಕಚೇರಿಗಳಲ್ಲಿ ಎಷ್ಟು ಗುಮಾಸ್ತರು, ಟೈಪಿಸ್ಟರು ತಾವು ಮಾಡದ ತಪ್ಪಿಗೆ ಬೈಸಿಕೊಂಡಿರಬಹುದೆಂದು ಈಗ ಯೋಚಿಸುತ್ತೇನೆ.

“ಇದನ್ನ ಯಾವಾಗ ಹಾಕಿಸಿದ್ರಿ ಫಾದರ್?” ಎಂದು ಅವರು ಕೇಳಿದರು. ಎರಡು ವರ್ಷದ ಹಿಂದೆ, ಮೊದಲಿನದು ಸುಟ್ಟುಹೋದಾಗ ಹಾಕಿಸಿದ್ದು. ಆಗ ಅಂಗಡಿಯಲ್ಲಿ ಎರಡನ್ನು ತೋರಿಸಿದ್ದರು. ಒಂದು ಕೈಗೆ ಭಾರವಾಗಿತ್ತು, ಬೆಲೆಯೂ ಭಾರವಾಗಿತ್ತು. ಇನ್ನೊಂದು ಹಗುರ, ಬೆಲೆಯೂ ಹಗುರ. ಎರಡರ ಮೇಲೂ 450 ವ್ಯಾಟ್ ಎಂದೇ ಅಚ್ಚಾಗಿತ್ತು. ಅಗ್ಗದ್ದನ್ನು ಆರಿಸಿ, ಸಂಸ್ಥೆಯ ಹಣ ಉಳಿಸಿದೆನೆಂದು ಬೀಗಿದವನು ನಾನೇ. ಕಾರಣದ ಎಳೆಯನ್ನು ಹಿಡಿದು ಹೋದರೆ ಅದರ ಕೊನೆ ನನ್ನ ಕೈಯಲ್ಲಿತ್ತು.

ಇಲ್ಲಿ ನನಗೆ ಹೊಳೆದ ಮುಖ್ಯ ಸಂಗತಿಯನ್ನು ನಿಮ್ಮೊಡನೆ ಹಂಚಿಕೊಳ್ಳಬೇಕು. ನನ್ನ ಬಳಿ ಇದ್ದ ಸಾಕ್ಷಿ ಸುಳ್ಳಾಗಿರಲಿಲ್ಲ. ಯಂತ್ರ ಅವನ ಕೈಯಲ್ಲೇ ಆರುತ್ತಿತ್ತು ಎಂಬುದು ನಿಜ. ಆದರೆ ಅದು ಅವನ ಕೈಯಲ್ಲಿ ಏಕೆ ಆರುತ್ತಿತ್ತು? ಏಕೆಂದರೆ ಭಾರದ ಕೆಲಸವನ್ನು ಮಾಡುತ್ತಿದ್ದವನು ಅವನು. ನಾನು ಮಾಡುತ್ತಿದ್ದದ್ದು ಹಗುರ ಕೆಲಸ. ದುರ್ಬಲವಾದ ಎಸ್‌ಎಂಪಿಎಸ್ ನನ್ನ ಪತ್ರಗಳಿಗೆ ಸಾಕಾಗುತ್ತಿತ್ತು. ಅವನ ದುಡಿಮೆಗೆ ಸಾಕಾಗುತ್ತಿರಲಿಲ್ಲ. ಒಳಗಿರುವ ದೋಷ ಹೊರೆ ಬಿದ್ದಾಗಲೇ ಹೊರಬರುತ್ತದೆ. ಆದ್ದರಿಂದ ಅದು ಹೊರೆ ಹೊತ್ತವನ ಕೈಯಲ್ಲೇ ಕಾಣಿಸಿಕೊಳ್ಳುತ್ತದೆ. ಏನೂ ಮಾಡದವನ ಕೈಯಲ್ಲಿ ಯಾವ ಯಂತ್ರವೂ ಕೆಡುವುದಿಲ್ಲ.

ನಿಮ್ಮ ಮನೆಯನ್ನೇ ನೋಡಿಕೊಳ್ಳಿ. ಸಾರಿಗೆ ಉಪ್ಪು ಹೆಚ್ಚಾಯಿತೆಂಬ ದೂರು ಅಡುಗೆ ಮಾಡುವವರ ಮೇಲೆಯೇ ಬರುತ್ತದೆ. ಒಲೆಯ ಬಳಿ ಹೋಗದವರ ಮೇಲೆ ಬರುವುದಿಲ್ಲ. ಹಾಸಿಗೆ ಹಿಡಿದ ತಂದೆಯನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಮಗನ ಮೇಲೆ ನೂರು ಆಕ್ಷೇಪಣೆಗಳಿರುತ್ತವೆ. ದೂರದ ಊರಿನಿಂದ ಭಾನುವಾರ ಫೋನ್ ಮಾಡಿ ‘ಹೇಗಿದ್ದೀರಿ ಅಪ್ಪ?’ ಎಂದು ಕೇಳುವ ಮಗನಿಗೆ ಹೊಗಳಿಕೆ ಸಿಗುತ್ತದೆ. ಮನೆಯಲ್ಲಿ ಹಣ ಸಾಲದು, ಜನ ಸಾಲದು ಎಂಬ ಒಳಗಿನ ಕೊರತೆ ದುಡಿಯುವವನ ಒಂದು ಗಡಸು ಮಾತಿನಲ್ಲಿ ಹೊರಬಿದ್ದಾಗ, ನಾವು ಆ ಮಾತನ್ನು ಹಿಡಿಯುತ್ತೇವೆ, ಕೊರತೆಯನ್ನು ಹಿಡಿಯುವುದಿಲ್ಲ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಸಂಘಸಂಸ್ಥೆಗಳಲ್ಲಿ ಹೆಚ್ಚು ಕೆಲಸ ಮಾಡುವವರ ಹೆಸರಿಗೇ ಹೆಚ್ಚು ತಪ್ಪುಗಳೂ ಜಮೆಯಾಗುತ್ತವೆ.

ಹಾರ್ಡ್ ಡಿಸ್ಕಿನ ಸ್ವಭಾವವೂ ಇದಕ್ಕೆ ಸಮೀಪವಾಗಿದೆ. ಅದರ ತಟ್ಟೆಯ ಮೇಲೆ ಅಲ್ಲಲ್ಲಿ ಜಾಗಗಳು ಕೆಡುತ್ತಾ ಬರುತ್ತವೆ. ಡಿಸ್ಕ್ ತಾನು ಮೊದಲೇ ಮೀಸಲಿಟ್ಟುಕೊಂಡಿರುವ ಒಳ್ಳೆಯ ಜಾಗಗಳನ್ನು ಅವುಗಳ ಬದಲಿಗೆ ಬಳಸಿಕೊಂಡು, ಬಳಸುವವನಿಗೆ ಗೊತ್ತಾಗದಂತೆಯೇ ಕೆಲಸ ಮುಂದುವರಿಸುತ್ತದೆ. ಎಷ್ಟು ಜಾಗಗಳು ಹೀಗೆ ಬದಲಾಗಿವೆ ಎಂಬ ಲೆಕ್ಕವೂ ಅದರೊಳಗೆ ಇರುತ್ತದೆ. ಕೇಳಿದವರಿಗೆ ಮಾತ್ರ ಹೇಳುತ್ತದೆ. ಮೀಸಲು ತೀರಿದ ದಿನ ಕಡತಗಳು ಕಳೆದುಹೋಗತೊಡಗುತ್ತವೆ. ‘ನಿನ್ನೆಯವರೆಗೂ ಚೆನ್ನಾಗಿತ್ತಲ್ಲ’ ಎಂದು ನಾವು ಅಚ್ಚರಿಪಡುತ್ತೇವೆ. ಬಹಳ ಕಾಲ ಮೌನವಾಗಿ ತಾಳಿಕೊಂಡ ಮನುಷ್ಯರ ಬಗ್ಗೆಯೂ ನಾವು ಇದೇ ಮಾತನ್ನು ಆಡುವುದಿಲ್ಲವೇ? ಅವರೊಳಗಿನ ಲೆಕ್ಕವನ್ನು ನಾವು ಯಾವತ್ತಾದರೂ ಕೇಳಿದ್ದೆವೇ?

ಬದಲಾಯಿಸಿಬಿಟ್ಟರೆ ಮುಗಿಯಿತೇ?

‘ಇಷ್ಟೆಲ್ಲ ರಗಳೆ ಏಕೆ? ಹೊಸದನ್ನು ತಂದರೆ ಆಯಿತಲ್ಲ’ ಎಂದು ನೀವು ಕೇಳಬಹುದು. ಕೆಲವೊಮ್ಮೆ ಅದೇ ಸರಿ. ಯಂತ್ರಕ್ಕೂ ಆಯುಸ್ಸಿದೆ. ಆದರೆ ಹೊಸದನ್ನು ತರುವ ಆತುರ ಬಹಳ ಸಲ ಕಾರಣವನ್ನು ಹುಡುಕಲೊಲ್ಲದ ಸೋಮಾರಿತನವೇ ಆಗಿರುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿದಾಗ, ಇನ್ನೂ ಗಟ್ಟಿಯಾಗಿದ್ದ ಎಷ್ಟೋ ಡೆಸ್ಕ್‌ಟಾಪ್‌ಗಳು ಒಮ್ಮೆಲೇ ಬೇಡವಾದವು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರ ಒಂದೇ ವರ್ಷದಲ್ಲಿ ಲೋಕದಲ್ಲಿ ಹುಟ್ಟಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದೆಂದು ದಾಖಲಾಗಿರುವುದು ಶೇಕಡ 22.3 ಮಾತ್ರ. ಆ ರಾಶಿಯಲ್ಲಿ ಒಂದು ಬ್ಯಾಟರಿಗಾಗಿ, ಒಂದು ರ‍್ಯಾಮ್ ಪಟ್ಟಿಗಾಗಿ ಇಡೀ ಯಂತ್ರವೇ ತೀರ್ಪಿಗೆ ಗುರಿಯಾದದ್ದೂ ಇರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಹುಡುಕಿದರೆ ಹಳೆಯ ಯಂತ್ರಗಳಿಗೆ ಬೇಕಾದ ಬಿಡಿಭಾಗಗಳು ಇಂದಿಗೂ ಸಿಗುತ್ತವೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಾರಣ ತಿಳಿಯದೆ ಭಾಗವನ್ನಷ್ಟೇ ಬದಲಾಯಿಸಿದರೆ ಹೊಸ ಭಾಗವೂ ಉಳಿಯದು. ಕೆಟ್ಟ ಎಸ್‌ಎಂಪಿಎಸ್ಸನ್ನು ಹಾಗೆಯೇ ಇಟ್ಟು ಹೊಸ ಮದರ್‌ಬೋರ್ಡ್ ಹಾಕಿದರೆ ಅದನ್ನೂ ಸುಡಬಹುದು. ವರ್ಷಕ್ಕೊಬ್ಬ ಗುಮಾಸ್ತ, ವರ್ಷಕ್ಕೊಬ್ಬ ಶಿಕ್ಷಕ, ವರ್ಷಕ್ಕೊಬ್ಬ ಅಡುಗೆಯವರು ಬದಲಾಗುತ್ತಲೇ ಇರುವ ಸಂಸ್ಥೆಗಳನ್ನು ನೀವೂ ನೋಡಿರಬಹುದು. ‘ಈಗಿನ ಕಾಲದಲ್ಲಿ ಒಳ್ಳೆಯ ಜನ ಸಿಗುವುದಿಲ್ಲ’ ಎಂದು ಅಲ್ಲಿನ ಹಿರಿಯರು ಕೊರಗುತ್ತಾರೆ. ಬಂದವರೆಲ್ಲ ಸುಟ್ಟುಹೋಗುತ್ತಿರುವಾಗ ನೋಡಬೇಕಾದದ್ದು ಅವರಿಗೆ ಶಕ್ತಿ ಹರಿಸುವ ಮೂಲವನ್ನಲ್ಲವೇ? ಆ ಮೂಲ ಹಲವು ಬಾರಿ ಕುರ್ಚಿಯಲ್ಲಿ ಕೂತ ನಾವೇ ಆಗಿರುತ್ತೇವೆ.

ಮನುಷ್ಯ ಬಿಡಿಭಾಗವಲ್ಲ

ಹಾಗಾದರೆ ಯಾರದ್ದೂ ತಪ್ಪಿಲ್ಲವೇ? ಎಲ್ಲವನ್ನೂ ಪರಿಸ್ಥಿತಿಯ ತಲೆಗೆ ಕಟ್ಟಿ ಸುಮ್ಮನಾಗಬೇಕೇ? ಖಂಡಿತ ಇಲ್ಲ. ರಿಪೇರಿಯವರು ‘ಯಾವ ಭಾಗವೂ ಕೆಟ್ಟಿಲ್ಲ’ ಎನ್ನಲಿಲ್ಲ. ಯಾವುದು ಕೆಟ್ಟಿದೆಯೆಂದು ಪತ್ತೆ ಮಾಡಿದರು. ಮನುಷ್ಯರೂ ತಪ್ಪು ಮಾಡುತ್ತಾರೆ. ಪರೀಕ್ಷಿಸಿದಾಗ ಕೆಲವೊಮ್ಮೆ ನಮ್ಮ ಸಂಶಯವೇ ನಿಜವಾಗಬಹುದು. ಆಗ ಅದನ್ನು ಹೇಳಲೇಬೇಕು. ಪರೀಕ್ಷೆಯು ನಿರಪರಾಧಿಯನ್ನು ಕಾಯುವಂತೆಯೇ ಅಪರಾಧವನ್ನೂ ಬಯಲಿಗೆ ತರುತ್ತದೆ. ಸಂಶಯವೊಂದೇ ಎರಡನ್ನೂ ಮಾಡಲಾರದು.

ಸಂಶಯ ಸಂಶಯವಾಗಿಯೇ ಉಳಿದಾಗ ಏನು ಮಾಡಬೇಕು? ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಸ್ಪಷ್ಟ ಸಾಕ್ಷಿ ಇಲ್ಲದಿದ್ದಾಗ ಇನ್ನೊಬ್ಬರ ನಡತೆಯನ್ನು ಒಳ್ಳೆಯ ಅರ್ಥದಲ್ಲಿಯೇ ತೆಗೆದುಕೊಳ್ಳಬೇಕು ಎಂಬುದು ಅವರ ನಿಲುವು. ಹೀಗೆ ಮಾಡಿದರೆ ನಾವು ಹಲವು ಸಲ ಮೋಸಹೋಗಬಹುದಲ್ಲ ಎಂಬ ಆಕ್ಷೇಪಕ್ಕೆ ಅವರು ಕೊಡುವ ಉತ್ತರ ಚಿಂತನಾರ್ಹ: ಕೆಟ್ಟವನೊಬ್ಬನನ್ನು ಒಳ್ಳೆಯವನೆಂದು ನಂಬಿ ಅನೇಕ ಬಾರಿ ಎಡವುವುದು, ಒಳ್ಳೆಯವನೊಬ್ಬನನ್ನು ಕೆಟ್ಟವನೆಂದು ಎಣಿಸಿ ಅಪರೂಪಕ್ಕೆ ಎಡವುವುದಕ್ಕಿಂತ ಮೇಲು. ಏಕೆಂದರೆ ಎರಡನೆಯದರಲ್ಲಿ ಒಬ್ಬನಿಗೆ ಅನ್ಯಾಯವಾಗುತ್ತದೆ, ಮೊದಲನೆಯದರಲ್ಲಿ ಹಾಗಾಗುವುದಿಲ್ಲ.

ಕಂಪ್ಯೂಟರಿನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ರ‍್ಯಾಮ್ ಪಟ್ಟಿಯನ್ನು ಸಂಶಯದಿಂದ ಕಿತ್ತು ನೋಡಿ, ತಪ್ಪಿಲ್ಲವೆಂದು ತಿಳಿದ ಮೇಲೆ ಮತ್ತೆ ಕೂರಿಸಬಹುದು. ಅದು ಮೊದಲಿನಂತೆಯೇ ಕೆಲಸ ಮಾಡುತ್ತದೆ. ಕಿತ್ತದ್ದಕ್ಕೆ ನೊಂದುಕೊಳ್ಳುವುದಿಲ್ಲ. ಮನುಷ್ಯನನ್ನು ಹಾಗೆ ಕಿತ್ತು ನೋಡಲಾಗದು. ಅವನ ವಿಷಯದಲ್ಲಿ ಪರೀಕ್ಷೆಯೇ ಒಂದು ಪೆಟ್ಟಾಗಬಹುದು. ಆದ್ದರಿಂದ ಯಂತ್ರದ ವಿಷಯದಲ್ಲಿ ಬೇಕಾದ ತಾಳ್ಮೆಗಿಂತ ಹೆಚ್ಚಿನ ತಾಳ್ಮೆ ಅವನ ವಿಷಯದಲ್ಲಿ ಬೇಕು. ಮೊದಲು ಅವನನ್ನೇ ಕೇಳಬೇಕು, ಏಕಾಂತದಲ್ಲಿ ಕೇಳಬೇಕು, ಉತ್ತರ ಬರುವವರೆಗೆ ಅವನ ಜಾಗವನ್ನು ಅವನಿಗೇ ಬಿಟ್ಟಿರಬೇಕು. ಮೂರರಲ್ಲಿ ಒಂದನ್ನೂ ನಾನು ಮಾಡಲಿಲ್ಲ.

ಅಂದು ಸಂಜೆಯೇ ಅವನ ಮನೆಗೆ ಹೋದೆ. ಅವನ ತಾಯಿ ಕುರ್ಚಿ ಹಾಕಿ, ಕಾಫಿ ಮಾಡಲು ಒಳಗೆ ಹೋದರು. “ತಪ್ಪು ನನ್ನದಪ್ಪಾ” ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಎದ್ದುಹೋಗಿ ಆ ಪೆನ್ ಡ್ರೈವ್ ತಂದು ನನ್ನ ಕೈಗಿಟ್ಟ. “ಅವತ್ತೇ ಹೇಳ್ಬೇಕು ಅಂತಿದ್ದೆ ಫಾದರ್. ಪದೇಪದೇ ಆಫ್ ಆಗ್ತಿತ್ತಲ್ಲ, ಹೋಗ್ಬಿಟ್ರೆ ಅಂತ ದಿನಾ ಎಲ್ಲಾ ಇದಕ್ಕೆ ಕಾಪಿ ಮಾಡ್ತಿದ್ದೆ” ಎಂದ. ಸ್ಕ್ಯಾನ್ ಮಾಡಿದ ಪುಟಗಳೆಲ್ಲವೂ ಅದರಲ್ಲಿದ್ದವು. ಕಳೆದುಹೋಯಿತೆಂದು ನಾನು ಕೂಗಾಡಿದ್ದ ಲೆಕ್ಕದ ಕಡತದ ಪ್ರತಿಯೂ ಅದರಲ್ಲಿತ್ತು.

ಅವನು ಕಚೇರಿಗೆ ಮರಳಲಿಲ್ಲ. ಅಷ್ಟರಲ್ಲಿ ಪೇಟೆಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ನಾನು ಒತ್ತಾಯಿಸಲಿಲ್ಲ. ಆದರೆ ಆರೋಪವನ್ನು ನಾಲ್ವರ ಎದುರು ಹೊರಿಸಿ ಕ್ಷಮೆಯನ್ನು ಮನೆಯೊಳಗೆ ಕೇಳಿದರೆ ಲೆಕ್ಕ ಸರಿಹೋಗದೆಂದು ತಿಳಿದು, ಆ ನಾಲ್ವರಿಗೂ ನಿಜವನ್ನು ಹೇಳಲು ಹೊರಟೆ. ಮೂವರಿಗೆ ಹೇಳಿದೆ. ನಾಲ್ಕನೆಯವರು ಅಷ್ಟರಲ್ಲಿ ಊರು ಬಿಟ್ಟು ಹೋಗಿದ್ದರು, ಎಲ್ಲಿಗೆಂದು ತಿಳಿಯಲಿಲ್ಲ. ಅವರ ಮನಸ್ಸಿನಲ್ಲಿ ಆ ಯುವಕ ಇಂದಿಗೂ ಯಂತ್ರ ಕೆಡಿಸಿದವನಾಗಿಯೇ ಉಳಿದಿದ್ದಾನೆ. ಎಸ್‌ಎಂಪಿಎಸ್ಸನ್ನು ಅರ್ಧ ಗಂಟೆಯಲ್ಲಿ ಬದಲಾಯಿಸಿದೆವು. ಇದನ್ನು ಬದಲಾಯಿಸುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ನಾಡಿನ ಇನ್ನೊಂದು ಹಳೆಯ ಮಾತು. ಓದುಗರೇ, ನಿಮ್ಮ ಮನೆಯಲ್ಲಿ, ಕಚೇರಿಯಲ್ಲಿ, ಸಂಘದಲ್ಲಿ ಇಂದು ಯಾರ ಮೇಲೋ ಒಂದು ಸಂಶಯ ನಿಮ್ಮ ನಾಲಗೆಯ ತುದಿಗೆ ಬಂದು ನಿಂತಿರಬಹುದು. ಅದನ್ನು ಆಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ದೋಷ ಅವರಲ್ಲಿ ಇದೆಯೇ, ಅಥವಾ ಭಾರ ಹೊತ್ತಿರುವುದರಿಂದ ಅವರಲ್ಲಿ ಕಾಣಿಸುತ್ತಿದೆಯೇ? ಅವರ ಜಾಗದಲ್ಲಿ ಕೂತು ಅವರ ಕೆಲಸವನ್ನೇ ಮಾಡಿದರೆ ನನ್ನ ಕೈಯಲ್ಲಿಯೂ ಹೀಗೆಯೇ ಆದೀತೇ? ಅವರು ಹೇಳಲೆಂದು ಬಾಯಿ ತೆರೆದಾಗ ನಾನು ಕೇಳಿಸಿಕೊಂಡೆನೇ?

ಮೂರನೆಯದಕ್ಕೆ ಉತ್ತರ ‘ಇಲ್ಲ’ ಎಂದಾದರೆ ಮೊದಲೆರಡಕ್ಕೆ ಉತ್ತರ ಹುಡುಕುವ ಮುನ್ನ ಎದ್ದು ಹೋಗಿ ಅವರ ಬಳಿ ಕೂತುಕೊಳ್ಳಿ.